ಬಾಟಲಿಯೊಳಗೆ ಯಾರೋ ಇದ್ದಾರೆ

"ಅಪ್ಪಾ, ಇದರೊಳಗೆ ಯಾರೋ ಇದ್ದಾರೆ!"

ಸಾಧನಾ ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಕೂಗಿದಳು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಕೈ ತೊಳೆಯುತ್ತಿದ್ದ ಅಪ್ಪ ರವಿರಾಜರು ತಲೆ ಎತ್ತಲೇ ಇಲ್ಲ.

"ಯಾರು? ನೆಂಟರಾ?"

"ಹುಳ ಅಪ್ಪಾ! ಮೂರುಂಟು. ಡ್ಯಾನ್ಸ್ ಮಾಡ್ತಾ ಉಂಟು, ನೋಡಿ."

"ಇರ್ಲಿ ಇರ್ಲಿ. ಮೂರು ಮುಕ್ಕಾಲಿನ ಬಸ್ಸಿಗೆ ಅವುಗಳನ್ನೂ ಕರ್ಕೊಂಡು ಹೋಗುವ. ಟಿಕೆಟ್ ಕೇಳಿದ್ರೆ ನೀನೇ ತೆಗಿ."

ಸಾಧನಾ ನಕ್ಕಳು. ಆದರೆ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. ಮಾಸಲು ಹಳದಿ ನೀರು. ಅದರಲ್ಲಿ ಕಂದು ಬಣ್ಣದ ಪುಡಿ ಮೇಲೆ ಕೆಳಗೆ ಓಡಾಡುತ್ತಿತ್ತು. ಆ ಪುಡಿಯ ನಡುವೆ ಮೂರು ಸಣ್ಣ ಹುಳಗಳು, ದಾರದ ತುಂಡಿನಷ್ಟೇ ಇದ್ದವು, ಮೈಯನ್ನು ಮಡಚಿ ಬಿಡಿಸಿ ಮಡಚಿ ಬಿಡಿಸಿ ಈಜುತ್ತಿದ್ದವು.

ಅದು ಮಿಲ್ಲಿನ ನೀರು. ಶಿರ್ತಾಡಿಯಲ್ಲಿ ಮನೆಯ ಪಕ್ಕದಲ್ಲೇ ಅಪ್ಪನದೊಂದು ಸಣ್ಣ ಅಕ್ಕಿ ಮಿಲ್ಲು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಕುಚ್ಚಲಕ್ಕಿ ಮಾಡುವುದು ಅಲ್ಲಿಯ ಕೆಲಸ. ಭತ್ತ ನೆನೆಸಿದ ನೀರು ಮೊದಲೆಲ್ಲ ಸೀದಾ ಹಿಂದಿನ ಸಣ್ಣ ಹಳ್ಳಕ್ಕೆ, ತೋಡಿಗೆ ಹೋಗುತ್ತಿತ್ತು. ಯಾರೂ ಅದನ್ನು ದೊಡ್ಡ ವಿಷಯ ಮಾಡಿರಲಿಲ್ಲ. ಆದರೆ ಕಳೆದ ವರ್ಷ ತೋಡು ನಾರತೊಡಗಿತು. ಕಲ್ಲುಗಳಿಗೆ ಬಿಳಿ ಲೋಳೆ ಹಿಡಿಯಿತು. ಒಂದು ಬೆಳಗ್ಗೆ ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ತೋಡಿನ ಕೆಳಬದಿಯಲ್ಲಿ ಸುಲೈಮಾನ್ ಬ್ಯಾರಿಯವರ ಮನೆ. ಅವರು ಮೂಗು ಮುಚ್ಚಿಕೊಂಡೇ ಮಿಲ್ಲಿಗೆ ಬಂದು, ಮೂಗು ಬಿಡದೆಯೇ ಜಗಳ ಮಾಡಿ ಹೋಗಿದ್ದರು. ಅವರ ಮಗಳು ಶಮ್ನಾ, ಸಾಧನಾಳ ಕ್ಲಾಸು. ಈಗ ಐದನೇ ಕ್ಲಾಸು, ಮೊದಲಿನಿಂದಲೂ ಇಬ್ಬರದೂ ಒಂದೇ ಬೆಂಚು. ಜಗಳದ ಆ ಒಂದು ವಾರ ಮಾತ್ರ ಶಮ್ನಾ ಬೆಂಚಿನ ಆ ತುದಿ, ಸಾಧನಾ ಈ ತುದಿ.

ಆಮೇಲೆ ಮಂಗಳೂರಿನ ಮಾಲಿನ್ಯ ನಿಯಂತ್ರಣ ಆಫೀಸಿನಿಂದ, ನೀರನ್ನು ಶುದ್ಧ ಮಾಡಿಯೇ ಬಿಡಬೇಕು ಎಂದು ಕಾಗದ ಬಂತು. ಅಪ್ಪ ಸಾಲಾಗಿ ಮೂರು ಟ್ಯಾಂಕು ಕಟ್ಟಿಸಿದರು. ನೀರಿಗೆ ಗಾಳಿ ಊದುವ ಮೋಟಾರು ತಂದರು. ಹಗಲೆಲ್ಲ ಟ್ಯಾಂಕಿನ ಬಳಿಯೇ ಇದ್ದು, ಊಟಕ್ಕೆ ಬಂದರೂ ಟ್ಯಾಂಕಿನ ಮಾತೇ ಆಡಿ, ಅಮ್ಮ ಕಮಲಾವತಿಯವರಿಗೆ ಸಾಕು ಸಾಕು ಮಾಡಿಬಿಟ್ಟಿದ್ದರು. ಈಗ ಮೂರನೆಯ ಟ್ಯಾಂಕಿನ ನೀರನ್ನು ಮೂಡುಬಿದಿರೆಯ ಕಾಲೇಜಿನ ಲ್ಯಾಬಿನಲ್ಲಿ ಅಳೆಸಬೇಕು. ಕೊಳೆಯ ಅಳತೆ ಐವತ್ತರ ಕೆಳಗೆ ಬಂದರೆ ಮಿಲ್ಲು ನಡೆಯುತ್ತದೆ. ಮೇಲೆ ಬಂದರೆ ಭತ್ತ ಬೇಯಿಸುವ ಒಲೆ ಆರಿಸಬೇಕು. ಈ ತಿಂಗಳೊಳಗೆ ರಿಪೋರ್ಟು ಹೋಗಲೇಬೇಕು.

"ಅಪ್ಪಾ, ಲ್ಯಾಬಿನಲ್ಲಿ ಈ ನೀರನ್ನು ಎಂತ ಮಾಡ್ತಾರೆ?"

"ಸುಡ್ತಾರೆ."

"ನೀರನ್ನಾ?"

"ಹೌದು ಮಾರಾಯ್ತಿ. ಹೊಸ ಮೆಷಿನ್ ಬಂದಿದೆ. ಏಳ್ನೂರು ಡಿಗ್ರಿಯಂತೆ." ಅಪ್ಪ ಎದ್ದು ಲುಂಗಿ ಕೊಡವಿದರು. "ಬಾಟಲಿ ಜಗಲಿಯಲ್ಲಿ ಇಡು. ನಾನು ಸ್ನಾನ ಮಾಡಿ ಬರ್ತೇನೆ."

ಏಳ್ನೂರು ಡಿಗ್ರಿ! ಸಾಧನಾ ಜಗಲಿಯಲ್ಲಿ ಕೂತು ಬಾಟಲಿಯನ್ನು ಮುಖದ ಹತ್ತಿರ ತಂದಳು. ಹುಳಗಳಿಗೆ ಡಿಗ್ರಿಯ ವಿಚಾರ ಗೊತ್ತಿರಲಿಲ್ಲ. ಅವು ಖುಷಿಯಲ್ಲಿ ಮಡಚಿ ಬಿಡಿಸಿ ಮಾಡುತ್ತಲೇ ಇದ್ದವು.

ಅವಳ ಮನೆಯಲ್ಲಿ ಬಾವಿಯ ನೀರನ್ನು ಹಾಗೆಯೇ ಕುಡಿಯುವ ಪದ್ಧತಿಯಿಲ್ಲ. ಜೈನರ ಮನೆ. ದಿನಾ ಬೆಳಗ್ಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಕೊಡಪಾನದ ಬಾಯಿಗೆ ಹಾಕಿ, ನೀರು ಸೋಸುವುದು ಸಾಧನಾಳದೇ ಕೆಲಸ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಅಂಗಳಕ್ಕೆ ಕೊಡವುವ ಹಾಗಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ. ಬಟ್ಟೆಯನ್ನು ಮಗುಚಿ, ಮೇಲಿಂದ ಸೋಸಿದ ನೀರು ಹೊಯ್ದು, ಆ ನೀರನ್ನು ಮೆಲ್ಲ ಅದೇ ಬಾವಿಗೆ ಇಳಿಸಿ ಬಿಡಬೇಕು. ಬಾವಿಯಿಂದ ಬಂದವರು ಬಾವಿಗೇ ಹೋಗಬೇಕು ಎಂದು ಅಮ್ಮ ಕಲಿಸಿದ್ದರು. ನಾಲ್ಕು ವರ್ಷದಿಂದ ಸಾಧನಾ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಬಚ್ಚಲಿನಿಂದ ಅಪ್ಪ ನೀರು ಹೊಯ್ದುಕೊಳ್ಳುವ ಸದ್ದು ಬರುತ್ತಿತ್ತು. ಸಾಧನಾ ಓಡಿಹೋಗಿ ಒಂದು ಒಗೆದ ಬಟ್ಟೆ ತಂದಳು. ಸ್ಟೀಲಿನ ಪಾತ್ರೆಯ ಮೇಲೆ ಎರಡು ಮಡಿಕೆ ಹಾಕಿದಳು. ಬಾಟಲಿಯನ್ನು ಮೆಲ್ಲ ಬಗ್ಗಿಸಿದಳು.

ಹುಳಗಳು ಮೂರೂ ಬಟ್ಟೆಯ ಮೇಲೆ ಉಳಿದವು. ಅವುಗಳ ಜೊತೆ ಉಮಿ, ತೌಡಿನ ಪುಡಿ ಒಂದು ದೊಡ್ಡ ಚಿಟಿಕೆಯಷ್ಟು ಉಳಿಯಿತು. ಸೋಸಿದ ನೀರನ್ನು ಮತ್ತೆ ಬಾಟಲಿಗೆ ತುಂಬಿ ಮುಚ್ಚಳ ತಿರುಗಿಸಿದಳು. ಬಟ್ಟೆಯನ್ನು ಟ್ಯಾಂಕಿನ ಬಳಿ ಒಯ್ದು, ಮಗುಚಿ, ನೀರು ಹೊಯ್ದು ಎಲ್ಲವನ್ನೂ ಟ್ಯಾಂಕಿಗೇ ಬಿಟ್ಟಳು.

"ಹೋಗಿ. ಹುಷಾರು, ಆಯ್ತಾ?" ಎಂದಳು.

ಪಕ್ಕದಲ್ಲಿ ಸೌದೆ ಜೋಡಿಸುತ್ತಿದ್ದ ಧರ್ಣಪ್ಪ ಅತ್ತಿತ್ತ ನೋಡಿದ. ಮಿಲ್ಲಿನಲ್ಲಿ ಒಲೆಯ ಉಸ್ತುವಾರಿ ಅವನದು. "ಯಾರ ಹತ್ರ ಮಾತಾಡುವುದು ಮಗಾ?"

"ಯಾರೂ ಇಲ್ಲ ಧರ್ಣಪ್ಪಣ್ಣ," ಎಂದು ಸಾಧನಾ ಓಡಿಬಂದಳು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅಪ್ಪ ಶರ್ಟಿನ ಗುಂಡಿ ಹಾಕುತ್ತಲೇ ಗೇಟಿನತ್ತ ಓಡಿದರು. ಅವರ ಹಿಂದೆ ಬಾಟಲಿ ಅಪ್ಪಿಕೊಂಡು ಸಾಧನಾ ಓಡಿದಳು.

*

ಲ್ಯಾಬಿನಲ್ಲಿದ್ದದ್ದು ಶಶಿಪ್ರಭಾ ಅಕ್ಕ. ಅಪ್ಪನ ದೂರದ ಸಂಬಂಧ. ಬಿಳಿ ಕೋಟು ಹಾಕಿಕೊಂಡು, ಜಡೆಯನ್ನು ಕೋಟಿನ ಒಳಗೆ ಸಿಕ್ಕಿಸಿಕೊಂಡು ನಿಂತಿದ್ದಳು. ಮೆಷಿನ್ನು ಟಿ.ವಿ.ಗಿಂತ ದೊಡ್ಡದು, ಕಪಾಟಿಗಿಂತ ಸಣ್ಣದು. ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಮುಚ್ಚಳದ ಮೇಲಿನ ಪ್ಲಾಸ್ಟಿಕ್ಕನ್ನು ಕೂಡ ಯಾರೂ ತೆಗೆದಿರಲಿಲ್ಲ.

"ಅಕ್ಕಾ, ನೀರು ಸುಟ್ರೆ ಎಂತ ಗೊತ್ತಾಗ್ತದೆ?"

"ನಿಮ್ಮ ಮನೆಯಲ್ಲಿ ಯಾವತ್ತಾದ್ರೂ ಅನ್ನ ತಳ ಹಿಡಿದದ್ದುಂಟಾ?"

"ಉಂಟು. ಅಮ್ಮ ಊರಿಗೆ ಹೋದಾಗ. ಅಪ್ಪ ಮಾಡಿದ್ದು."

ಅಪ್ಪ ಕೆಮ್ಮಿದರು. ಶಶಿಪ್ರಭಾ ಅಕ್ಕ ನಕ್ಕು ಹೇಳಿದಳು, "ತಳದಲ್ಲಿ ಕಪ್ಪಾಗ್ತದಲ್ಲ, ಅದು ಕಾರ್ಬನ್. ಅನ್ನದಲ್ಲಿ, ಸೊಪ್ಪಿನಲ್ಲಿ, ಬೆಲ್ಲದಲ್ಲಿ, ನಿನ್ನಲ್ಲಿ, ನನ್ನಲ್ಲಿ, ಜೀವ ಇರುವ ಎಲ್ಲದರಲ್ಲಿಯೂ ಉಂಟು ಅದು. ಇನ್ನೂ ಜೋರು ಸುಟ್ರೆ ಅದು ಗಾಳಿಯಾಗಿ ಹಾರಿಹೋಗ್ತದೆ. ಈ ಮೆಷಿನ್ ಆ ಗಾಳಿಯನ್ನು ಹಿಡಿದು ಎಷ್ಟುಂಟು ಅಂತ ಲೆಕ್ಕ ಹೇಳ್ತದೆ. ಒಂದು ಲೀಟರ್ ನೀರಿನಲ್ಲಿ ಇಷ್ಟು ಮಿಲಿಗ್ರಾಂ."

"ಬೆಲ್ಲ ಒಳ್ಳೇದಲ್ವಾ? ಅದು ಹೇಗೆ ಕೊಳೆ?"

"ನಮಗೆ ಒಳ್ಳೇದು. ತೋಡಿಗೆ ಬಿದ್ರೆ ಅಲ್ಲಿ ಕಣ್ಣಿಗೆ ಕಾಣದ ಕೀಟಾಣುಗಳಿಗೆ ಮದುವೆ ಊಟ. ಅವು ತಿಂದು ತಿಂದು, ಮಕ್ಕಳು ಮರಿ ಮಾಡಿ, ನೀರಿನಲ್ಲಿದ್ದ ಉಸಿರನ್ನೆಲ್ಲ ಅವೇ ಎಳ್ಕೊಳ್ತವೆ. ಮೀನಿಗೆ ಉಸಿರಿಲ್ಲ. ಅದಕ್ಕೇ ನಿಮ್ಮ ತೋಡಿನಲ್ಲಿ ಮೀನು ತೇಲಿದ್ದು."

ಬಾಟಲಿ ಅಲ್ಲಾಡಿಸಿ, ಒಂದಿಷ್ಟು ನೀರು ತೆಗೆದು, ಅದಕ್ಕೆ ಏನೋ ಒಂದು ಹನಿ ಹಾಕಿ, ಅಕ್ಕ ಮೆಷಿನ್ನಿಗೆ ಕೊಟ್ಟಳು. ಮೆಷಿನ್ನು ಗುಂಯ್ ಅಂದಿತು. ಮೂವರೂ ಅದರ ಮುಂದೆ ನಿಂತರು. ಅಪ್ಪ ಉಗುರು ಕಚ್ಚುತ್ತಿದ್ದರು. ಹಾಗೆ ಮಾಡಿದರೆ ಸಾಧನಾಳಿಗೆ ಅವರೇ ಬೈಯುವವರು. ಸಾಧನಾ ಕಣ್ಣು ಮುಚ್ಚಿ, ಸಣ್ಣ ನಂಬರ್, ಸಣ್ಣ ನಂಬರ್ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

"ಮೂವತ್ತೊಂದು!" ಎಂದಳು ಶಶಿಪ್ರಭಾ ಅಕ್ಕ.

ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಎಷ್ಟು? ಎಷ್ಟು?" ಎಂದು ಎರಡು ಸಲ ಕೇಳಿ, ಮೂರನೆಯ ಸಲಕ್ಕೆ ಸಾಧನಾಳನ್ನು ಎತ್ತಿ ತಿರುಗಿಸಿಬಿಟ್ಟರು. ಐದನೇ ಕ್ಲಾಸಿನ ಹುಡುಗಿಯನ್ನು ಎತ್ತುವುದು ಸುಲಭದ ಕೆಲಸವಲ್ಲ. ಒಂದು ಸುತ್ತಿಗೇ ಅವರಿಗೆ ಏದುಸಿರು ಬಂತು.

ಶಶಿಪ್ರಭಾ ಅಕ್ಕ ಬಾಟಲಿ ತೊಳೆಯುತ್ತಾ ಹೇಳಿದಳು, "ನಿಮ್ಮ ನೀರು ಭಾರೀ ಕ್ಲೀನ್ ಉಂಟು ಮಾವ. ನಾನು ಯಾವಾಗ್ಲೂ ಅಲ್ಲಾಡಿಸಿಯೇ ತೆಗಿಯುವುದು. ಉಮಿ, ತೌಡು, ಪುಡಿ ಎಲ್ಲ ಸೇರಿಯೇ ಲೆಕ್ಕ ಆಗ್ಬೇಕು. ಕೆಲವರು ಮೇಲಿನ ತಿಳಿ ನೀರು ಮಾತ್ರ ತಂದು ಕೊಡ್ತಾರೆ. ಅದು ಮೆಷಿನ್ನಿಗೆ ಸುಳ್ಳು ಹೇಳಿದ ಹಾಗೆ."

ಸಾಧನಾ ಅಕ್ಕನ ಕೈಯ ಬಾಟಲಿಯನ್ನೇ ನೋಡಿದಳು.

ಎಲ್ಲ ಸೇರಿಯೇ ಲೆಕ್ಕ. ಬಟ್ಟೆಯ ಮೇಲೆ ಉಳಿದ ಆ ಚಿಟಿಕೆ ಪುಡಿ ಅವಳ ಕಣ್ಣ ಮುಂದೆ ಬಂತು. "ಅಪ್ಪಾ..." ಎಂದಳು. ಅಪ್ಪ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಕಿಟಕಿಯಾಚೆ ನೋಡಿ, "ಸೂರ್ಯ ಇನ್ನೂ ಮೇಲುಂಟು. ಬಾ ಬಾ, ಮುಳುಗುವ ಮೊದ್ಲು ಗಡ್‌ಬಡ್ ತಿನ್ನುವ!" ಎಂದರು. ಸೂರ್ಯ ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಏನೂ ತಿನ್ನುವುದಿಲ್ಲ. ಹಾಗಾಗಿ ಐಸ್‌ಕ್ರೀಮಿನ ಅಂಗಡಿಗೆ ಇಬ್ಬರೂ ಓಡಿಯೇ ಹೋದರು.

ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಬಂತು. ಮೇಲೆ ಚೆರ್ರಿ, ಕೆಳಗೆ ಹಣ್ಣು, ಅದರ ಕೆಳಗೆ ಜೆಲ್ಲಿ. ಬೇರೆ ದಿನವಾಗಿದ್ದರೆ ಸಾಧನಾ ಗ್ಲಾಸನ್ನೂ ನೆಕ್ಕುತ್ತಿದ್ದಳು. ಅಂದು ಜೆಲ್ಲಿಯ ತನಕವೂ ಇಳಿಯಲಾಗಲಿಲ್ಲ.

"ಎಂತ ಆಯ್ತು? ಹೊಟ್ಟೆ ನೋವಾ?"

"ಸ್ವಲ್ಪ," ಎಂದಳು ಸಾಧನಾ. ಅದು ನಿಜವೇ ಆಗಿತ್ತು.

*

ಸೋಮವಾರ ಶಾಲೆಯಲ್ಲಿ ಶಮ್ನಾ ಬ್ಯಾಗು ಇಡುವ ಮೊದಲೇ ಶುರು ಮಾಡಿದಳು.

"ಗೊತ್ತುಂಟಾ? ನಿನ್ನ ಅಪ್ಪ ನಿನ್ನೆ ನಮ್ಮ ಮನೆಗೆ ಬಂದಿದ್ರು! ಮೂವತ್ತೊಂದು ಅಂತೆ! ನನ್ನ ಉಪ್ಪನ ಹತ್ರ ಕೂತು ಚಾ ಕುಡಿದು, ಇಬ್ರೂ ಅಷ್ಟು ನಗಾಡಿದ್ದು, ಉಮ್ಮ ಒಳಗಿಂದ ಬಂದು ನೋಡಿದ್ರು ಎಂತ ಆಯ್ತು ಅಂತ."

"ಹೌದಾ?"

"ಹೌದು! ಮತ್ತೆ ಕೇಳು. ಈ ಆದಿತ್ಯವಾರ ನಾನು ತೋಡಿಗೆ ಇಳಿಬಹುದಂತೆ! ನಮ್ಮ ಪಾತುಮ್ಮಜ್ಜಿ ಕೂಡ ಹೂಂ ಹೇಳಿದ್ರು. ಮೊಣಕಾಲಿನ ತನಕ ಮಾತ್ರ. ನೀನೂ ಬರ್ಬೇಕು."

ಶಮ್ನಾ ಒಂದು ವರ್ಷದಿಂದ ತೋಡಿಗೆ ಇಳಿದಿರಲಿಲ್ಲ. ಕಳೆದ ವರ್ಷ ಆ ಲೋಳೆಯ ನೀರಿಗೆ ಇಳಿದು ಅವಳ ಕಾಲಿಡೀ ತುರಿಕೆಯ ಗುಳ್ಳೆ ಎದ್ದಿತ್ತು. ಹದಿನೈದು ದಿನ ಶಾಲೆಗೆ ಬಂದಿರಲಿಲ್ಲ.

"ಇಳಿಬೇಡ," ಎಂದಳು ಸಾಧನಾ.

"ಎಂತಕ್ಕೆ? ನಿನ್ನ ಅಪ್ಪನದ್ದೇ ನಂಬರು!"

"ಅದು ಅಪ್ಪನದ್ದಲ್ಲ. ನನ್ನದು."

ಬೆಂಚಿನ ಮೇಲೆ ತಲೆ ತಗ್ಗಿಸಿ, ಸಾಧನಾ ಎಲ್ಲವನ್ನೂ ಹೇಳಿದಳು. ಮೂರು ಹುಳ, ಏಳ್ನೂರು ಡಿಗ್ರಿ, ಎರಡು ಮಡಿಕೆ ಬಟ್ಟೆ, ಒಂದೂ ಬಿಡಲಿಲ್ಲ. ಶಮ್ನಾ ಬಾಯಿ ತೆರೆದು ಕೇಳಿದಳು. ಆಮೇಲೆ ನಗತೊಡಗಿದಳು. ಹಿಂದಿನ ಬೆಂಚಿನವರು ಇಣುಕಿ ನೋಡುವಷ್ಟು ನಕ್ಕಳು.

"ಅಲ್ಲ ಮಾರಾಯ್ತಿ, ಹುಳವನ್ನು ಸುಡ್ತಾರೆ ಪಾಪ ಅಂತ ಸೋಸಿದ್ದಾ ನೀನು?"

"ಹೂಂ."

"ಹುಳ ಪಾಪ." ಶಮ್ನಾ ಕಣ್ಣೊರೆಸಿಕೊಂಡಳು. "ಮತ್ತೆ ನನ್ನ ಕಾಲು ಪಾಪ ಅಲ್ವಾ?"

ಅವಳು ತಮಾಷೆಗೆ ಕೇಳಿದ್ದು. ಆದರೆ ಸಾಧನಾಳಿಗೆ ನಗು ಬರಲಿಲ್ಲ. ಆ ದಿನ ಗಣಿತದಲ್ಲಿ ಎರಡು ಲೆಕ್ಕ ತಪ್ಪಿತು, ಕನ್ನಡದಲ್ಲಿ ಪದ್ಯ ಮರೆತುಹೋಯಿತು. ಲಾಂಗ್ ಬೆಲ್ ಆದದ್ದೇ ಅವಳು ಮನೆಗೆ ಹೋಗದೆ ಸೀದಾ ಮಿಲ್ಲಿಗೆ ನಡೆದಳು.

ಮಿಲ್ಲಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಉಂಟು. ದಿನಕ್ಕೆ ಎಷ್ಟು ಮೂಟೆ ಎಂದು ಬರೆಯುವುದು ಅದರಲ್ಲಿ. ಇವತ್ತು ಮೂಟೆಯ ಲೆಕ್ಕವನ್ನೆಲ್ಲ ಒರೆಸಿ, ನಡುವಿಗೆ ದೊಡ್ಡದಾಗಿ ೩೧ ಎಂದು ಬರೆದಿತ್ತು. ಸುತ್ತ ಧರ್ಣಪ್ಪ ಬಣ್ಣದ ಚಾಕಿನಿಂದ ಹೂವಿನ ಬಳ್ಳಿ ಬಿಡಿಸಿದ್ದ. ಬಳ್ಳಿಗೆ ಒಂದು ಗಿಳಿಯೂ ಇತ್ತು.

ಸಾಧನಾ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಂಗೈಯಿಂದ ೩೧ನ್ನು ಒರೆಸಿದಳು.

"ಏ! ಏ ಮಗಾ!" ಧರ್ಣಪ್ಪ ಕೂಗಿದ. "ಗಿಳಿ! ಗಿಳಿಯ ಬಾಲ ಹೋಯ್ತು!"

ಅಪ್ಪ ಹೊರಗೆ ಬಂದರು. "ಎಂತ ಸಾಧನಾ ಇದು?"

ಸಾಧನಾಳ ಕೈಯೆಲ್ಲ ಚಾಕ್‌ಪೀಸಿನ ಪುಡಿ. ಬಾಯಿ ತೆರೆದರೆ ಮಾತಿಗಿಂತ ಮೊದಲು ಅಳುವೇ ಬಂತು. ಅಳುತ್ತಳುತ್ತಲೇ ಹೇಳಿದಳು. ಧರ್ಣಪ್ಪ ಗಿಳಿಯನ್ನು ಮರೆತು ಕೇಳಿದ.

ಅಪ್ಪ ಒಂದು ಮೂಟೆಯ ಮೇಲೆ ಕೂತರು. ಒಳಗೆ ಮೆಷಿನ್ನು ಅಕ್ಕಿ ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು ಎಂದು ಸಾಧನಾಳಿಗೆ ಅನ್ನಿಸಿತು.

"ಬಟ್ಟೆಯಲ್ಲಿ ಎಷ್ಟು ಪುಡಿ ಇತ್ತು?" ಎಂದು ಅಪ್ಪ ಕೊನೆಗೆ ಕೇಳಿದರು.

ಸಾಧನಾ ಮೂರು ಬೆರಳು ಸೇರಿಸಿ ತೋರಿಸಿದಳು. "ಇಷ್ಟು. ಒಂದು ದೊಡ್ಡ ಚಿಟಿಕೆ."

"ಒಂದು ಲೀಟರ್ ಬಾಟಲಿಗೆ ಒಂದು ಚಿಟಿಕೆ." ಅಪ್ಪ ಟ್ಯಾಂಕಿನ ಕಡೆ ನೋಡಿದರು. "ದಿನಕ್ಕೆ ಎಂಟು ಸಾವಿರ ಲೀಟರ್ ಹೋಗ್ತದೆ ತೋಡಿಗೆ. ಎಂಟು ಸಾವಿರ ಚಿಟಿಕೆ! ನಾನು ನೋಡ್ಲೇ ಇಲ್ಲ ಮಾರಾಯ. ನೀರಿನ ಬಣ್ಣ ನೋಡಿದೆ, ವಾಸನೆ ನೋಡಿದೆ, ಇದು ಕಣ್ಣಿಗೇ ಬೀಳ್ಲಿಲ್ಲ."

"ಅಪ್ಪಾ, ನಿಮಗೆ ಬೇಜಾರಾ?"

"ಬೇಜಾರು ಉಂಟು. ಇಲ್ಲ ಅಂತ ಹೇಳುವುದಿಲ್ಲ." ಅಪ್ಪ ಅವಳ ಕೈಯ ಚಾಕಿನ ಪುಡಿಯನ್ನು ತಮ್ಮ ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿದರು. "ಊರಿಡೀ ಹೇಳಿ ಬಂದಿದ್ದೇನೆ ನೋಡು, ಮೂವತ್ತೊಂದು ಮೂವತ್ತೊಂದು ಅಂತ. ಈಗ ಎಲ್ಲ ಮನೆಗೂ ಪುನಃ ಹೋಗ್ಬೇಕು. ಮೊದ್ಲು ಸುಲೈಮಾನ್ ಬ್ಯಾರಿಯವರಲ್ಲಿಗೆ."

"ನಾನೂ ಬರ್ತೇನೆ."

"ಬರ್ಲೇಬೇಕು. ಒಬ್ಬನೇ ಹೋಗ್ಲಿಕ್ಕೆ ನನಗೆ ಹೆದರಿಕೆ."

ಆದರೆ ಅದಕ್ಕೂ ಮೊದಲು ಆಫೀಸಿನ ಫೋನಿನಿಂದ ಮೂಡುಬಿದಿರೆಗೆ ನಂಬರು ತಿರುಗಿಸಿದರು. ಅಪ್ಪ ಹೇಳಿ ಮುಗಿಸುವಷ್ಟರಲ್ಲಿ ಶಶಿಪ್ರಭಾ ಅಕ್ಕನ ನಗು ಫೋನಿನಿಂದ ಹೊರಗೆ ಬರುತ್ತಿತ್ತು. ರಿಪೋರ್ಟಿಗೆ ದೊಡ್ಡ ಸಾರ್ ಸೈನ್ ಹಾಕಿರಲಿಲ್ಲ. ಹರಿದು ಹಾಕಿದರಾಯಿತು. "ನಾಳೆಯೇ ಬೇರೆ ನೀರು ತನ್ನಿ," ಎಂದಳು ಅಕ್ಕ. "ಮತ್ತೆ ಸಾಧನಾಳ ಹತ್ರ ಹೇಳಿ, ಹುಳವನ್ನು ಚಮಚದಲ್ಲಿ ತೆಗೆದು ಬಿಡಬಹುದು. ಒಂದೆರಡು ಹುಳದಿಂದ ಲೆಕ್ಕ ಹಾಳಾಗುವುದಿಲ್ಲ. ತೌಡು ಮಾತ್ರ ಇರ್ಬೇಕು!"

*

ಮರುದಿನದ ನೀರಿನಲ್ಲಿ ಎರಡು ಹುಳ ಇದ್ದವು. ಸಾಧನಾ ಚಮಚದಲ್ಲಿ ಅವನ್ನು ಟ್ಯಾಂಕಿಗೆ ವಾಪಸ್ ಕಳಿಸಿದಳು. ಮೆಷಿನ್ನು ಗುಂಯ್ ಅಂದಿತು.

"ತೊಂಬತ್ತಾರು," ಎಂದಳು ಶಶಿಪ್ರಭಾ ಅಕ್ಕ.

ಯಾರೂ ಯಾರನ್ನೂ ಎತ್ತಿ ತಿರುಗಿಸಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟರು. ತಿಂಗಳು ಮುಗಿಯಲು ಇನ್ನು ಹನ್ನೆರಡೇ ದಿನ. ಸಾಧನಾಳಿಗೆ ತಾನೇ ಹೋಗಿ ಒಲೆ ಆರಿಸಿದ ಹಾಗೆ ಅನ್ನಿಸಿತು.

"ಮಾವ, ಮುಖ ಯಾಕೆ ಹಾಗೆ ಮಾಡ್ತೀರಿ?" ಶಶಿಪ್ರಭಾ ಅಕ್ಕ ಒಂದು ಕಾಗದದ ಮೇಲೆ ಎರಡು ಅಂಕಿ ಬರೆದಳು. "ನೋಡಿ. ಸೋಸಿದ್ರೆ ಮೂವತ್ತೊಂದು. ಸೋಸದಿದ್ರೆ ತೊಂಬತ್ತಾರು. ಅಂದ್ರೆ ನೀರಿನಲ್ಲಿ ಕರಗಿದ ಕೊಳೆಯನ್ನು ನಿಮ್ಮ ಟ್ಯಾಂಕು ಚಂದ ಮಾಡಿ ತಿಂದಿದೆ. ಉಳಿದದ್ದೆಲ್ಲ ಬರೀ ಪುಡಿ. ಬರೀ ತೊಂಬತ್ತಾರು ಅಂತ ಬಂದಿದ್ರೆ ಇದು ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ಸಾಧನಾ ಎರಡು ಅಂಕಿಗಳನ್ನೂ ನೋಡಿದಳು.

"ಹಾಗಾದ್ರೆ ಟ್ಯಾಂಕಿಗೇ ಬಟ್ಟೆ ಕಟ್ಟುವ," ಎಂದಳು.

ಅಪ್ಪ ನಕ್ಕರು. ಶಶಿಪ್ರಭಾ ಅಕ್ಕನೂ ನಕ್ಕಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗು ನಿಲ್ಲಿಸಿದರು.

ಮೊದಲನೆಯ ಪ್ರಯೋಗ ನಡೆದದ್ದು ಅಮ್ಮನ ಹಳೇ ಸೀರೆಯಿಂದ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಟ್ಯಾಂಕಿನ ಹೊರಬಾಯಿಯ ಪೈಪಿಗೆ ಕಟ್ಟಿದರು. ಅಮ್ಮ, ಶಮ್ನಾ, ಸೋಮವಾರ ಸಂಜೆಯೇ ಅಪ್ಪ ಮಗಳ ಬಾಯಿಂದ ಎಲ್ಲ ಕೇಳಿದ್ದ ಸುಲೈಮಾನ್ ಬ್ಯಾರಿಯವರು ಎಲ್ಲ ಬಂದು ಸುತ್ತ ನಿಂತರು. ಐದು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಪುಡಿ ಕಟ್ಟಿಕೊಂಡು ಸೀರೆ ಉಬ್ಬತೊಡಗಿತು. ಉಬ್ಬಿತು, ಇನ್ನೂ ಉಬ್ಬಿತು, ದೊಡ್ಡ ಹಲಸಿನ ಹಣ್ಣಿನಷ್ಟಾಯಿತು.

"ಧರ್ಣಪ್ಪಾ, ಆ ಗಂಟು ಸ್ವಲ್ಪ ನೋಡು," ಎಂದರು ಅಪ್ಪ.

ಧರ್ಣಪ್ಪ ಬಗ್ಗಿ ನೋಡಿದ. ಗಂಟು ಅಷ್ಟಕ್ಕೇ ಕಾಯುತ್ತಿತ್ತೋ ಏನೋ. ಢಬ್ ಎಂದು ಬಿಟ್ಟುಕೊಂಡಿತು. ಒಂದು ಕ್ಷಣದ ಮೇಲೆ ನೋಡಿದರೆ ಧರ್ಣಪ್ಪನ ತಲೆಯಿಂದ ಕಾಲಿನ ತನಕ ತೌಡು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಲೈಮಾನ್ ಬ್ಯಾರಿಯವರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು.

"ನಗಾಡಿ, ನಗಾಡಿ," ಎಂದ ಧರ್ಣಪ್ಪ. ಅಷ್ಟರಲ್ಲಿ ಅವನ ಕೆನ್ನೆಗೆ ಸೊಳ್ಳೆ ಕಚ್ಚಿತು. ಟಪ್ ಎಂದು ಹೊಡೆದುಕೊಂಡ. "ಇಕಾ! ಮಗಾ, ನೀನು ಶನಿವಾರ ಟಾಟಾ ಮಾಡಿ ಟ್ಯಾಂಕಿಗೆ ಬಿಟ್ಟಿಯಲ್ಲ, ಅವನೇ ಇರ್ಬೇಕು ಇವನು. ದೊಡ್ಡವನಾಗಿ ನನ್ನನ್ನೇ ಹುಡುಕ್ಕೊಂಡು ಬಂದ!"

ಸಾಧನಾ ನಕ್ಕು ನಕ್ಕು ಶಮ್ನಾಳ ಮೇಲೆಯೇ ಬಿದ್ದಳು. ಮೂರು ದಿನದಿಂದ ಹೊಟ್ಟೆಯಲ್ಲಿ ಕೂತಿದ್ದ ನೋವು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

"ಬಟ್ಟೆ ಆಗ್ಲಿಕ್ಕಿಲ್ಲ," ಎಂದರು ಸುಲೈಮಾನ್ ಬ್ಯಾರಿಯವರು, ಉಸಿರು ಎಳೆದುಕೊಂಡ ಮೇಲೆ. "ಮಳೆಗಾಲದಲ್ಲಿ ಮನೆಯ ಮಾಡಿನಿಂದ ಇಳಿಯುವ ನೀರು ಹಿಡೀಲಿಕ್ಕೆ ನಾವು ಒಂದು ತೊಟ್ಟಿ ಮಾಡ್ತೇವೆ ಅಲ್ವಾ ರವಿರಾಜಣ್ಣ? ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ತೆಂಗಿನ ನಾರು. ಅದನ್ನೇ ದೊಡ್ಡದಾಗಿ ಮಾಡುವ. ನಾರು ನನ್ನಲ್ಲಿ ಬೇಕಾದಷ್ಟು ಉಂಟು."

ಕಳೆದ ವರ್ಷ ಮೂಗು ಮುಚ್ಚಿಕೊಂಡು ಜಗಳಕ್ಕೆ ಬಂದವರು ಈಗ ಲುಂಗಿ ಮೇಲೆ ಕಟ್ಟಿ ಜಲ್ಲಿ ಹೊತ್ತರು. ಶಮ್ನಾ, ಸಾಧನಾ ನಾರು ಬಿಡಿಸಿದರು. ಅಮ್ಮ ಎಲ್ಲರಿಗೂ ಅವಲಕ್ಕಿ ಕಲಸಿ ಕೊಟ್ಟರು. ನಾಲ್ಕು ದಿನದಲ್ಲಿ ತೊಟ್ಟಿ ಎದ್ದಿತು. ದಿನಾ ಸಂಜೆ ಮೇಲಿನ ನಾರನ್ನು ಕೊಡವಿದರೆ ಒಂದು ಬಕೆಟ್ ಕಂದು ಕೆಸರು ಸಿಗುತ್ತಿತ್ತು. ಅದನ್ನು ಧರ್ಣಪ್ಪ ತನ್ನ ಬಸಳೆ ಚಪ್ಪರದ ಬುಡಕ್ಕೆ ಹಾಕಿಕೊಂಡ. ನಾರು ಕೊಡವುವ ಮೊದಲು ಹುಳ ಇದೆಯೇ ಎಂದು ನೋಡಲು ಅವನು ಸಾಧನಾಳನ್ನು ಕೂಗುತ್ತಿದ್ದ. ಕೂಗದಿದ್ದರೆ ಅವಳು ಬಿಡುತ್ತಿರಲಿಲ್ಲ.

ಮುಂದಿನ ಬುಧವಾರ ಮೂರನೆಯ ಸಲ ಲ್ಯಾಬಿಗೆ ಹೋದರು. ಈ ಸಲ ಬಾಟಲಿ ತುಂಬುವಾಗ ಪಕ್ಕದಲ್ಲಿ ಶಮ್ನಾ ಸಾಕ್ಷಿಗೆ ನಿಂತಿದ್ದಳು. ಬಸ್ಸಿನಲ್ಲಿ ಸಾಧನಾ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಮುಚ್ಚಳ ಹಿಡಿದು ಕೂತಿದ್ದಳು. ಕಂಡಕ್ಟರು, "ಎಂತ, ಜೇನುತುಪ್ಪವಾ?" ಎಂದು ಕೇಳಿದ್ದಕ್ಕೆ, "ಅಲ್ಲ, ಕೊಳಕು ನೀರು" ಎಂದಳು. ಕಂಡಕ್ಟರು ಮತ್ತೇನೂ ಕೇಳಲಿಲ್ಲ.

ಲ್ಯಾಬಿನಲ್ಲಿ, "ಅಕ್ಕಾ, ಚಂದ ಮಾಡಿ ಅಲ್ಲಾಡಿಸಿ," ಎಂದಳು.

"ಅಲ್ಲಾಡಿಸಿದೆ."

"ಇನ್ನೊಂದು ಸಲ."

ಶಶಿಪ್ರಭಾ ಅಕ್ಕ ಇನ್ನೊಂದು ಸಲ ಅಲ್ಲಾಡಿಸಿದಳು. ಮೆಷಿನ್ನು ಗುಂಯ್ ಅಂದಿತು. ಈ ಸಲ ಸಾಧನಾ ಕಣ್ಣು ಮುಚ್ಚಲಿಲ್ಲ. ಸಣ್ಣ ನಂಬರ್ ಎಂದು ಬೇಡಿಕೊಳ್ಳಲೂ ಇಲ್ಲ. ನೀರು ಏನು ಹೇಳುತ್ತದೋ ನೋಡುವ ಎಂದು ಸುಮ್ಮನೆ ನಿಂತಳು.

ನಲವತ್ತನಾಲ್ಕು.

ಅಪ್ಪ ಈ ಬಾರಿ ಅವಳನ್ನು ಎತ್ತಲಿಲ್ಲ. ಸೊಂಟ ಹಿಡಿದುಕೊಂಡು ಉದ್ದಕ್ಕೆ ಉಸಿರು ಬಿಟ್ಟು, ಲ್ಯಾಬಿನ ನಡುವಿನಲ್ಲೇ ಎರಡು ಹೆಜ್ಜೆ ಕುಣಿದರು. ಅಪ್ಪ ಕುಣಿಯುವುದನ್ನು ಸಾಧನಾ ಹುಟ್ಟಿದ ಮೇಲೆ ನೋಡಿರಲಿಲ್ಲ. ಅಷ್ಟೇನೂ ಚೆನ್ನಾಗಿರಲಿಲ್ಲ.

*

ಆದಿತ್ಯವಾರ ಬೆಳಗ್ಗೆ ಶಮ್ನಾ ತೋಡಿನ ದಡದಲ್ಲಿ ಕಾಯುತ್ತಿದ್ದಳು. ಪಾತುಮ್ಮಜ್ಜಿ ಕುರ್ಚಿ ತರಿಸಿಕೊಂಡು ಸ್ವಲ್ಪ ಮೇಲೆ ಕೂತಿದ್ದರು. "ಮೊಣಕಾಲಿನ ತನಕ ಮಾತ್ರ!" ಎಂದು ಈಗಾಗಲೇ ನಾಲ್ಕು ಸಲ ಹೇಳಿ ಆಗಿತ್ತು.

ಜನವರಿಯ ನೀರು ಕಲ್ಲುಗಳ ನಡುವೆ ನುಸುಳಿ ಹೋಗುತ್ತಿತ್ತು. ತಳದ ಮರಳು ಕಾಣುತ್ತಿತ್ತು. ಲೋಳೆ ಪೂರ್ತಿ ಹೋಗಿರಲಿಲ್ಲ. ದಡದ ಒಂದೆರಡು ಕಲ್ಲುಗಳಿಗೆ ಇನ್ನೂ ಸ್ವಲ್ಪ ಅಂಟಿಕೊಂಡಿತ್ತು.

ಶಮ್ನಾ ಲಂಗ ಎತ್ತಿ ಹಿಡಿದು ಕಲ್ಲಿನ ತುದಿಗೆ ಬಂದಳು. ಒಂದು ಕಾಲನ್ನು ನೀರಿನ ಮೇಲೆ ಚಾಚಿದಳು. ಹಿಂದೆ ತೆಗೆದಳು. ತುರಿಕೆಯ ನೆನಪು ಕಾಲಿಗೆ ಇನ್ನೂ ಇತ್ತು.

"ನಲವತ್ತನಾಲ್ಕು ಅಲ್ವಾ?"

"ಹೌದು."

"ಮೊನ್ನೆಯದ್ದಕ್ಕಿಂತ ಜಾಸ್ತಿ ಆಯ್ತಲ್ಲ ಅದು. ಆಗ ಮೂವತ್ತೊಂದು ಇದ್ದದ್ದು."

"ಜಾಸ್ತಿಯೇ."

ಶಮ್ನಾ ಸಾಧನಾಳ ಮುಖವನ್ನೇ ನೋಡಿದಳು. "ಮೂವತ್ತೊಂದಕ್ಕೆ ಇಳಿಬೇಡ ಹೇಳಿದ್ದೆ ನೀನು. ನಲವತ್ತನಾಲ್ಕಕ್ಕೆ ಇಳಿಬಹುದಾ?"

"ಇದ್ರಲ್ಲಿ ಎಲ್ಲ ಸೇರಿಯೇ ಲೆಕ್ಕ," ಎಂದಳು ಸಾಧನಾ. ಚಪ್ಪಲಿ ಬಿಚ್ಚಿ ಕಲ್ಲಿನ ಮೇಲೆ ಇಟ್ಟಳು. ಲಂಗವನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡಳು. ಆಮೇಲೆ ತಾನೇ ಮೊದಲು ನೀರಿಗೆ ಇಳಿದು, ತಿರುಗಿ ನಿಂತು, ಶಮ್ನಾಳಿಗೆ ಕೈ ಚಾಚಿದಳು.